ಮುರಿದ ವೀಲ್ ಸ್ಟಡ್: ಬೆಸುಗೆಯಿಂದ ಏಕೆ ಆಗದು, ಬದಲಿಸುವುದು ಹೇಗೆ, ನಟ್ಟು ಎಷ್ಟು ಬಿಗಿಯಬೇಕು

ಪ್ರಶ್ನೆ: ನನ್ನದು 2015ರ ಮಾರುತಿ ಸ್ವಿಫ್ಟ್. ಎರಡು ವರ್ಷಗಳ ಹಿಂದೆ ಹೊರಗಿನ ಅಂಗಡಿಯಲ್ಲಿ ಅಲಾಯ್ ಚಕ್ರಗಳನ್ನು ಹಾಕಿಸಿದ್ದೇನೆ. ಕಳೆದ ವಾರ ಕುಂದಾಪುರದ ಬಳಿ ಹೆದ್ದಾರಿಯಲ್ಲಿ ಪಂಕ್ಚರ್ ಆದಾಗ, ಅಂಗಡಿಯವರು ಗನ್ (ನಟ್ಟು ತಿರುಗಿಸುವ ಯಂತ್ರ) ಹಿಡಿದು ನಟ್ಟು ಬಿಚ್ಚುತ್ತಿದ್ದಂತೆಯೇ ಮುಂಬದಿಯ ಎಡ ಚಕ್ರದ ಒಂದು ಸ್ಟಡ್ (ನಟ್ಟು ಕೂರುವ ಥ್ರೆಡ್ಡಿನ ಸರಳು) ತುಂಡಾಗಿ ನಟ್ಟಿನೊಂದಿಗೇ ಹೊರಬಂತು. ಉಳಿದ ಮೂರು ನಟ್ಟುಗಳಲ್ಲೇ ಮನೆ ಸೇರಿದೆ. ಒಬ್ಬ ಮೆಕ್ಯಾನಿಕ್ ವೆಲ್ಡಿಂಗ್ ಮಾಡಿ ಕೊಡುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಚಕ್ರವನ್ನು ಹೊತ್ತು ತಿರುಗುವ ಹಬ್ಬನ್ನೇ ಬದಲಿಸಬೇಕು ಎನ್ನುತ್ತಾರೆ. ಯಾರ ಮಾತು ಸರಿ? ನಾನು ಆಗಾಗ ಹುಲಿಕಲ್ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗುವವನು. ಅಲ್ಲಿಯತನಕ ಮೂರು ನಟ್ಟುಗಳಲ್ಲಿ ಓಡಿಸಬಹುದೇ? ಮುಂದೆ ಹೀಗಾಗದಂತೆ ಸ್ಟಡ್‌ಗಳಿಗೆ ಗ್ರೀಸ್ ಹಚ್ಚಿಡಬೇಕೇ?

ಉತ್ತರ: ಮೊದಲು ಅವಸರದ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಮೂರು ನಟ್ಟುಗಳ ಮೇಲೆ ಘಾಟಿ ಹತ್ತಬೇಡಿ, ಹೆದ್ದಾರಿಗೂ ಹೋಗಬೇಡಿ. ಮನೆಯಿಂದ ಹತ್ತಿರದ ಗ್ಯಾರೇಜಿಗೆ, ಗಂಟೆಗೆ 30-40 ಕಿಲೋಮೀಟರ್ ವೇಗದಲ್ಲಿ, ಉಳಿದ ಮೂರೂ ನಟ್ಟುಗಳು ಸರಿಯಾಗಿ ಕೂತಿವೆ ಎಂದು ನೋಡಿಕೊಂಡು ಹೋಗುವುದಷ್ಟೇ ಆ ಕಾರಿಗೆ ಈಗ ಇರುವ ಅನುಮತಿ. ಐದು ಸ್ಟಡ್‌ಗಳ ಚಕ್ರದಲ್ಲಿ ಒಂದು ಹೋದರೆ ಹಿಡಿತದ ಐದನೇ ಒಂದು ಭಾಗ ಹೋಗುತ್ತದೆ. ನಿಮ್ಮ ಕಾರಿನ ನಾಲ್ಕು ಸ್ಟಡ್‌ಗಳ ಚಕ್ರದಲ್ಲಿ ಕಾಲು ಭಾಗವೇ ಹೋಗಿದೆ, ಅದೂ ಒಂದೇ ಬದಿಯಲ್ಲಿ. ಚಕ್ರ ಸುತ್ತುವಾಗ ಆ ಖಾಲಿ ಜಾಗ ಪ್ರತಿ ಸುತ್ತಿಗೂ ಒಮ್ಮೆ ಕೆಳಗೆ ಬರುತ್ತದೆ, ಅಷ್ಟು ಹೊತ್ತು ಅಕ್ಕಪಕ್ಕದ ಎರಡು ಸ್ಟಡ್‌ಗಳು ತಮ್ಮ ಪಾಲಿಗಿಂತ ಹೆಚ್ಚು ಬಾಗಿ ಮತ್ತೆ ನೆಟ್ಟಗಾಗುತ್ತವೆ. ಒಂದು ಸ್ಟಡ್ ಮುರಿದ ಚಕ್ರದಲ್ಲಿ ಎರಡನೆಯದು ಬೇಗ ಮುರಿಯುವುದು ಇದೇ ಕಾರಣಕ್ಕೆ.

ವೆಲ್ಡಿಂಗ್ ಖಂಡಿತ ಬೇಡ. ವೀಲ್ ಸ್ಟಡ್ ಎಂಬುದು ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಬೋಲ್ಟಿನಂಥದ್ದಲ್ಲ. ಅದು ಕಾಯಿಸಿ, ತಣಿಸಿ, ಹದ ಮಾಡಿದ ಗಟ್ಟಿ ಉಕ್ಕು, ಸಾಮಾನ್ಯವಾಗಿ 10.9 ಎಂಬ ಬಲದ ದರ್ಜೆಯದು. ಬೆಸುಗೆಯ ಬಿಸಿ ತಗುಲಿದ ಕೂಡಲೇ ಆ ಹದ ಕೆಡುತ್ತದೆ, ಬೆಸುಗೆಯ ಅಂಚಿನಲ್ಲಿ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ನೋಡಲು ಗಟ್ಟಿಯಾಗಿ ಕಾಣುವ ಆ ಜಾಗವೇ ಮುಂದೆ ಬಿರುಕು ಬಿಡುವ ಜಾಗ. ಸಾಲದ್ದಕ್ಕೆ ಹಬ್ಬಿನ ಹಿಂದೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ವೀಲ್ ಬೇರಿಂಗ್ ಇದೆ. ಬಿಸಿಗೆ ಅದರ ಸೀಲು ಸುಡುತ್ತದೆ, ಗ್ರೀಸು ಕರಗಿ ಹೋಗುತ್ತದೆ. ಅರ್ತಿಂಗ್ ಕ್ಲಾಂಪನ್ನು ಎಲ್ಲೋ ಸಿಕ್ಕಿಸಿದರೆ ವಿದ್ಯುತ್ತು ಬೇರಿಂಗಿನ ಗುಂಡುಗಳ ಮೂಲಕವೇ ಹರಿದು ಅಲ್ಲಿ ಸಣ್ಣ ಸಣ್ಣ ಗುಳಿಗಳನ್ನು ಮಾಡುತ್ತದೆ. ಮುರಿದ ಸ್ಟಡ್‌ನ ಅಳತೆ ತೆಗೆದುಕೊಂಡು ಲೇತಿನಲ್ಲಿ ಹೊಸದನ್ನು ಕಡೆಸಿಕೊಡುತ್ತೇನೆ ಎನ್ನುವವರೂ ಸಿಗುತ್ತಾರೆ. ಅವರ ಕೈಚಳಕದ ಬಗ್ಗೆ ಸಂದೇಹವಿಲ್ಲ, ಅವರು ಬಳಸುವ ಸರಳಿನ ಬಗ್ಗೆ ಇದೆ. ಜೊತೆಗೆ ಕಂಪನಿಯ ಸ್ಟಡ್‌ನ ಥ್ರೆಡ್ಡನ್ನು ಕತ್ತರಿಸಿ ಮಾಡುವುದಿಲ್ಲ, ಒತ್ತಿ ಉರುಳಿಸಿ ಮೂಡಿಸುತ್ತಾರೆ, ಆದ್ದರಿಂದ ಥ್ರೆಡ್ಡಿನ ಬುಡದಲ್ಲಿ ಅದು ಲೇತಿನ ಥ್ರೆಡ್ಡಿಗಿಂತ ಹೆಚ್ಚು ಬಾಳುತ್ತದೆ.

ಹಬ್ ಪೂರ್ತಿ ಬದಲಿಸಬೇಕು ಎಂದವರ ಮಾತೂ ಸಾಮಾನ್ಯವಾಗಿ ಅಗತ್ಯಕ್ಕಿಂತ ಹೆಚ್ಚು. ಸ್ಟಡ್ ಹಬ್ಬಿನ ಅವಿಭಾಜ್ಯ ಅಂಗವಲ್ಲ. ಅದರ ತಲೆಯ ಕೆಳಗೆ ಉದ್ದುದ್ದ ಗೀರುಗಳಿರುವ ಒಂದು ಭಾಗವಿದೆ. ಆ ಗೀರುಗಳು ಹಬ್ಬಿನ ರಂಧ್ರದ ಗೋಡೆಯನ್ನು ಕಚ್ಚಿ ಹಿಡಿದಿರುವುದರಿಂದ ಸ್ಟಡ್ ತಿರುಗದೆ ನಿಲ್ಲುತ್ತದೆ. ಹಿಂದಕ್ಕೆ ಹೊಡೆದು ಹಳೆಯದನ್ನು ತೆಗೆಯಬಹುದು, ಹಿಂದಿನಿಂದ ತೂರಿಸಿ ಮುಂದಕ್ಕೆ ಎಳೆದು ಹೊಸದನ್ನು ಕೂರಿಸಬಹುದು. ಹಬ್ ಬದಲಿಸಬೇಕಾಗುವುದು ಆ ರಂಧ್ರವೇ ಸವೆದು ಅಗಲವಾಗಿ ಹೊಸ ಸ್ಟಡ್ ಕೂಡ ಸುತ್ತುತ್ತಿದ್ದರೆ, ಅಥವಾ ಹಬ್ಬಿನ ಮುಖ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಟಡ್ ಮುರಿದದ್ದು ಕುಂದಾಪುರದ ಅಂಗಡಿಯಲ್ಲಿ, ಆದರೆ ಅದು ಕೆಟ್ಟದ್ದು ಅಲ್ಲಿಯೇ ಎಂದು ತೀರ್ಮಾನಿಸುವ ಮೊದಲು ಆ ತುಂಡನ್ನು ಎಸೆಯದೆ ಇಟ್ಟುಕೊಂಡಿದ್ದರೆ ಬೆಳಕಿಗೆ ಹಿಡಿದು ಮುರಿದ ಮುಖವನ್ನು ನೋಡಿ. ಆ ಮುಖದ ಒಂದು ಭಾಗ ನಯವಾಗಿ, ಮಂಕಾಗಿ, ಅರ್ಧಚಂದ್ರದ ಗೆರೆಗಳಂತೆ ಒಂದರ ಹಿಂದೊಂದು ಸಾಲುಗಳನ್ನು ತೋರಿಸುತ್ತಿದ್ದು, ಉಳಿದ ಸ್ವಲ್ಪ ಭಾಗ ಮಾತ್ರ ಒರಟಾಗಿ ಹೊಳೆಯುತ್ತಿದ್ದರೆ, ಬಿರುಕು ತಿಂಗಳುಗಟ್ಟಲೆಯಿಂದ ಸ್ವಲ್ಪ ಸ್ವಲ್ಪವೇ ಬೆಳೆದು ಕೊನೆಯ ಎಳೆಯಷ್ಟೇ ಆ ದಿನ ಹರಿಯಿತು ಎಂದು ಅರ್ಥ. ನಯವಾದ ಭಾಗದಲ್ಲಿ ಕಂದು ತುಕ್ಕು ಕಂಡರಂತೂ ಸಂಶಯವೇ ಬೇಡ, ಏಕೆಂದರೆ ಹೊಸದಾಗಿ ಮುರಿದ ಉಕ್ಕಿನ ಒಳಗೆ ತುಕ್ಕು ಇರಲು ಸಾಧ್ಯವಿಲ್ಲ. ಹಾಗಲ್ಲದೆ ಮುರಿದ ಜಾಗದ ಬಳಿ ಸ್ಟಡ್ ಕುತ್ತಿಗೆಯಂತೆ ಸಣ್ಣಗಾಗಿದ್ದರೆ ಅದನ್ನು ಮಿತಿಮೀರಿ ಬಿಗಿದು ಎಳೆಯಲಾಗಿದೆ. ಮುಖ ಚಪ್ಪಟೆಯಾಗಿ, ಸುಳಿಯಂತೆ ತಿರುಚಿದ ಗುರುತುಗಳಿದ್ದು, ನಟ್ಟು ಆ ತುಂಡಿನ ಮೇಲೆ ಅಲುಗಾಡದಂತೆ ಕಚ್ಚಿಕೊಂಡಿದ್ದರೆ, ತುಕ್ಕಿನಿಂದಲೋ ಹಾಳಾದ ಥ್ರೆಡ್ಡಿನಿಂದಲೋ ನಟ್ಟು ಹಿಡಿದುಹೋಗಿ ಬಿಚ್ಚುವಾಗಿನ ತಿರುಚಿಗೆ ಮುರಿದಿದೆ. ನಟ್ಟಿನೊಂದಿಗೇ ತುಂಡು ಹೊರಬಂತು ಎಂದು ನೀವು ಬರೆದಿರುವುದರಿಂದ ನನ್ನ ಅನುಮಾನ ಮೂರನೆಯದರ ಕಡೆಗೆ ಹೆಚ್ಚು ವಾಲುತ್ತದೆ. ಕರಾವಳಿಯ ಉಪ್ಪು ಗಾಳಿ ಮತ್ತು ಮಳೆಗಾಲ ಅದಕ್ಕೆ ಸಾಕಷ್ಟು ಸಹಾಯ ಮಾಡಿರುತ್ತವೆ.

ನಟ್ಟು ಚಕ್ರವನ್ನು ಹಿಡಿದಿಡುವುದು ಹೇಗೆ ಎಂಬುದು ತಿಳಿದರೆ ಉಳಿದ ಸಲಹೆಗಳೆಲ್ಲ ತಾವಾಗಿಯೇ ಹೊಂದಿಕೊಳ್ಳುತ್ತವೆ. ಕಾರಿನ ಭಾರವನ್ನು ಸ್ಟಡ್‌ಗಳು ಗೂಟದ ಹಾಗೆ ಹೊತ್ತಿರುತ್ತವೆ ಎಂದು ಅನೇಕರು ಭಾವಿಸುತ್ತಾರೆ, ಹಾಗಲ್ಲ. ನಟ್ಟು ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಉದ್ದವಾಗುತ್ತದೆ, ಮತ್ತು ಎಳೆದು ಹಿಡಿದ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಸೆಳೆಯುತ್ತ ಚಕ್ರವನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಎರಡು ಮುಖಗಳ ನಡುವೆ ಹುಟ್ಟುವ ಘರ್ಷಣೆಯೇ ಭಾರವನ್ನೂ ಬ್ರೇಕಿನ ಬಲವನ್ನೂ ಹೊರುವುದು. 12 ಮಿಲಿಮೀಟರ್ ದಪ್ಪದ ಸ್ಟಡ್‌ಗೆ 85 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ, ಒಣ ಥ್ರೆಡ್ಡಿನಲ್ಲಿ ಸುಮಾರು ಮೂರೂವರೆ ಟನ್ ಸೆಳೆತ ಹುಟ್ಟುತ್ತದೆ. ನಾಲ್ಕೂ ಸೇರಿ ಹದಿನಾಲ್ಕು ಟನ್. ನಿಮ್ಮ ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಹೀಗೆ ಒತ್ತಡ ಸರಿಯಿರುವವರೆಗೆ ಸ್ಟಡ್‌ಗೆ ರಸ್ತೆಯ ಗುಂಡಿಗಳ ಪೆಟ್ಟು ಬಹುಮಟ್ಟಿಗೆ ತಟ್ಟುವುದೇ ಇಲ್ಲ. ಒತ್ತಡ ಕಡಿಮೆಯಾದರೆ ಚಕ್ರ ಹಬ್ಬಿನ ಮೇಲೆ ಸೂಕ್ಷ್ಮವಾಗಿ ಜಾರತೊಡಗುತ್ತದೆ, ಸ್ಟಡ್ ಪ್ರತಿ ಸುತ್ತಿಗೂ ಬಾಗತೊಡಗುತ್ತದೆ. ಒತ್ತಡ ಅತಿಯಾದರೆ ಸ್ಟಡ್ ಹಿಂದಕ್ಕೆ ಬರಲಾಗದಷ್ಟು ಉದ್ದವಾಗಿ ಸೆಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಎರಡು ದಾರಿಗಳೂ ಮುರಿತದಲ್ಲೇ ಕೊನೆಯಾಗುತ್ತವೆ.

ನಮ್ಮ ರಸ್ತೆಬದಿಯಲ್ಲಿ ಹೆಚ್ಚು ಕಾಣುವುದು ಎರಡನೆಯ ದಾರಿ, ಅದಕ್ಕೆ ಕಾರಣ ಗನ್. ಅರ್ಧ ಇಂಚಿನ ಗಾಳಿ ಗನ್ 300 ನ್ಯೂಟನ್ ಮೀಟರಿಗೂ ಹೆಚ್ಚು ಬಲವನ್ನು ಸುಲಭವಾಗಿ ಕೊಡಬಲ್ಲದು. ಅಷ್ಟು ಬಲ ನಿಜವಾಗಿಯೂ ನಟ್ಟಿಗೆ ತಲುಪಿದರೆ 12 ಮಿಲಿಮೀಟರಿನ ಸ್ಟಡ್‌ನ ತಾಳಿಕೆಯೇ ಮುಗಿಯುತ್ತದೆ. ಬಿಚ್ಚಲು ಗನ್ ಬಳಸುವುದರಲ್ಲಿ ನನಗೆ ದೊಡ್ಡ ತಕರಾರಿಲ್ಲ. ಕೂರಿಸುವಾಗ ನಟ್ಟನ್ನು ಸಾಕೆಟ್ಟಿಗೆ ಸಿಕ್ಕಿಸಿ, ಥ್ರೆಡ್ ಹಿಡಿಯಿತೋ ಇಲ್ಲವೋ ನೋಡದೆ ನೇರವಾಗಿ ಗನ್ ಒತ್ತುವ ಪದ್ಧತಿಯೇ ಅಪಾಯಕಾರಿ. ನಟ್ಟು ಓರೆಯಾಗಿ ಹಿಡಿದರೂ ಗನ್ನಿಗೆ ಅದು ಗೊತ್ತಾಗುವುದಿಲ್ಲ, ಅದು ಹೊಸ ದಾರಿ ಕೊರೆದುಕೊಂಡು ಒಳಗೆ ಹೋಗುತ್ತದೆ. ಕೈಗಾದರೆ ಎರಡನೇ ಸುತ್ತಿನಲ್ಲೇ ಗೊತ್ತಾಗುತ್ತದೆ. ಪ್ರತಿ ನಟ್ಟನ್ನೂ ಬೆರಳಿನಿಂದ ಕನಿಷ್ಠ ಐದಾರು ಸುತ್ತು ತಿರುಗಿಸಿದ ಮೇಲೆಯೇ ಯಾವುದೇ ಉಪಕರಣ ಮುಟ್ಟಬೇಕು ಎಂದು ಅಂಗಡಿಯವರಿಗೆ ಹೇಳಲು ಸಂಕೋಚ ಬೇಡ.

ಗನ್ ಇಲ್ಲದವರು ಪಾನದ (ನಟ್ಟು ತಿರುಗಿಸುವ ಸ್ಪ್ಯಾನರ್) ಮೇಲೆ ನಿಂತು ತುಳಿಯುತ್ತಾರೆ. ಕಾರಿನೊಂದಿಗೆ ಬರುವ ಪಾನದ ಹಿಡಿ 30 ಸೆಂಟಿಮೀಟರ್ ಉದ್ದವಿದೆ ಎಂದಿಟ್ಟುಕೊಳ್ಳಿ. ಅದರ ತುದಿಯಲ್ಲಿ ಕೈಯಿಂದ ಸುಮಾರು 29 ಕಿಲೋ ಬಲ ಹಾಕಿದರೆ 85 ನ್ಯೂಟನ್ ಮೀಟರ್ ಆಯಿತು. ಸಾಧಾರಣ ಮೈಕಟ್ಟಿನ ಮನುಷ್ಯ ಎರಡು ಕೈಗಳಿಂದ ಗಟ್ಟಿಯಾಗಿ ಒತ್ತಿದರೆ ಅಷ್ಟಾಗುತ್ತದೆ. 70 ಕಿಲೋ ತೂಕದವರು ಆ ತುದಿಯ ಮೇಲೆ ನಿಂತರೆ 200 ದಾಟುತ್ತದೆ, ಜಿಗಿದರೆ ಅದಕ್ಕೆ ಲೆಕ್ಕವಿಲ್ಲ. ಹಿಡಿಗೆ ಪೈಪ್ ತೂರಿಸಿ ಉದ್ದ ಮಾಡಿಕೊಳ್ಳುವುದು ಬಿಚ್ಚಲು ಸರಿ, ಬಿಗಿಯಲು ಅಲ್ಲ.

ಗ್ರೀಸಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ನೀವು ನಟ್ಟಿಗೆ ಕೊಡುವ ಬಲದಲ್ಲಿ ಸರಿಸುಮಾರು ಅರ್ಧದಷ್ಟು ನಟ್ಟಿನ ಕೂರುವ ಮುಖದ ಉಜ್ಜುವಿಕೆಗೆ, ಹತ್ತರಲ್ಲಿ ನಾಲ್ಕು ಪಾಲು ಥ್ರೆಡ್ಡಿನ ಉಜ್ಜುವಿಕೆಗೆ ಖರ್ಚಾಗಿ, ಹತ್ತನೇ ಒಂದು ಪಾಲು ಮಾತ್ರ ಸ್ಟಡ್ಡನ್ನು ಎಳೆಯಲು ಉಳಿಯುತ್ತದೆ. ಎಣ್ಣೆ ಅಥವಾ ಗ್ರೀಸ್ ಹಚ್ಚಿದರೆ ಉಜ್ಜುವಿಕೆ ಕಡಿಮೆಯಾಗಿ ಅದೇ 85ಕ್ಕೆ ಸ್ಟಡ್‌ನ ಮೇಲಿನ ಸೆಳೆತ ಮೂರನೇ ಒಂದು ಪಾಲಿನಷ್ಟು ಹೆಚ್ಚಬಹುದು. ಟಾರ್ಕ್ ರೆಂಚ್ (ಗೊತ್ತುಮಾಡಿದ ಬಲ ತಲುಪಿದಾಗ ಕ್ಲಿಕ್ ಎನ್ನುವ ಪಾನ) ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಸ್ಟಡ್ ಮಾತ್ರ ಅತಿಯಾಗಿ ಎಳೆದುಕೊಂಡಿರುತ್ತದೆ. ಆದ್ದರಿಂದ ಕಾರಿನ ಕೈಪಿಡಿ ಬೇರೆ ರೀತಿ ಹೇಳದ ಹೊರತು ಥ್ರೆಡ್ಡೂ ನಟ್ಟಿನ ಕೂರುವ ಮುಖವೂ ಸ್ವಚ್ಛವಾಗಿ ಒಣಗಿರಬೇಕು. ತುಕ್ಕಿನ ಭಯವಿರುವ ನಿಮ್ಮಂಥವರು ಗ್ರೀಸ್ ಹಚ್ಚಬೇಕಾದ ಜಾಗ ಬೇರೆಯೇ ಇದೆ: ಚಕ್ರದ ಮಧ್ಯದ ದೊಡ್ಡ ರಂಧ್ರ ಕೂರುವ ಹಬ್ಬಿನ ಉಬ್ಬಿಗೆ, ಬೆರಳಿನಿಂದ ಸವರಿದಷ್ಟೇ ತೆಳುವಾಗಿ. ಮಳೆಗಾಲ ಮುಗಿದ ಮೇಲೆ ಚಕ್ರ ಅಲ್ಲಾಡದೆ ಹಬ್ಬಿಗೆ ಅಂಟಿಕೊಳ್ಳುವುದು ಆ ಉಬ್ಬಿನಲ್ಲೇ. ಹಬ್ಬಿನ ಚಪ್ಪಟೆ ಮುಖಕ್ಕೂ ಅದಕ್ಕೆ ಒರಗುವ ಚಕ್ರದ ಮುಖಕ್ಕೂ ಗ್ರೀಸು ಬೇಡ, ಅಲ್ಲಿ ಒಣಗಿದ ಲೋಹಕ್ಕೆ ಲೋಹ ತಾಗಬೇಕು.

ಹೊಸ ಸ್ಟಡ್ ತರುವಾಗ ಹಳೆಯದರ ತುಂಡನ್ನು ಜೊತೆಗೆ ಒಯ್ಯಿರಿ. ಮಾರುತಿ ಸುಜುಕಿ ಕಾರುಗಳ ಸ್ಟಡ್ 12 ಮಿಲಿಮೀಟರ್ ದಪ್ಪ, ಥ್ರೆಡ್ಡಿನ ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ) 1.25, ಹೊಂಡಾ, ಟೊಯೋಟಾ, ಹ್ಯುಂಡೈ ಕಾರುಗಳಲ್ಲಿ ಹೆಚ್ಚಿನವುಗಳದ್ದು ಅದೇ 12 ದಪ್ಪವಾದರೂ ಪಿಚ್ 1.5. ಈ ಕಾಲು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಪಿಚ್ ಹೊಂದದ ನಟ್ಟನ್ನು ಗನ್ನಿನಿಂದ ತಳ್ಳಿದಾಗ ಒಂದೆರಡು ಸುತ್ತು ಹೋಗಿಯೂ ಬಿಡುತ್ತದೆ, ಆಮೇಲೆ ಎರಡೂ ಹಾಳು. ಅಲಾಯ್ ಹಾಕಿಸಿದಾಗ ಅಂಗಡಿಯವರು ಡಬ್ಬಿಯಿಂದ ತೆಗೆದುಕೊಟ್ಟ ಹೊಳೆಯುವ ನಟ್ಟುಗಳು ಯಾವ ಪಿಚ್ಚಿನವು ಎಂದು ಪರೀಕ್ಷಿಸಲು ಸುಲಭ ದಾರಿಯಿದೆ: ಕಂಪನಿಯ ಹಳೆಯ ನಟ್ಟು ಯಾವ ಸ್ಟಡ್‌ನಲ್ಲಿ ಬುಡದವರೆಗೂ ಬೆರಳಿಗೇ ತಿರುಗುತ್ತದೆಯೋ, ಹೊಸ ನಟ್ಟೂ ಅದೇ ಸ್ಟಡ್‌ನಲ್ಲಿ ಅಷ್ಟೇ ಸಲೀಸಾಗಿ ತಿರುಗಬೇಕು. ಸ್ಟಡ್‌ನ ಗೀರುಗಳ ಭಾಗದ ವ್ಯಾಸ, ಆ ಭಾಗದ ಉದ್ದ ಮತ್ತು ತಲೆಯ ಆಕಾರವೂ ಹೊಂದಬೇಕಾದ್ದರಿಂದ, ಕಾರಿನ ಮಾದರಿ ಮತ್ತು ವರ್ಷ ಹೇಳಿ ಕಂಪನಿಯ ಬಿಡಿಭಾಗವನ್ನೇ ಕೊಳ್ಳುವುದು ಲೇಸು. ಈ ಕೆಲಸದಲ್ಲಿ ಸ್ಟಡ್‌ನ ಬೆಲೆ ಚಿಕ್ಕದು, ಕೂಲಿಯೇ ದೊಡ್ಡದು. ಉಳಿತಾಯ ಮಾಡಲು ಇದು ಜಾಗವಲ್ಲ.

ಎಷ್ಟು ಸ್ಟಡ್ ಬದಲಿಸಬೇಕು? ಒಂದು ಮುರಿದಿದ್ದರೆ ಕನಿಷ್ಠ ಅದರ ಎರಡು ಪಕ್ಕದವನ್ನೂ ಬದಲಿಸಬೇಕು, ಎರಡು ಮುರಿದಿದ್ದರೆ ಆ ಚಕ್ರದ ಎಲ್ಲವನ್ನೂ ಬದಲಿಸಬೇಕು ಎಂಬುದು ವೃತ್ತಿಯಲ್ಲಿ ಒಪ್ಪಿತವಾದ ನಿಯಮ. ನಾಲ್ಕೇ ಇರುವಲ್ಲಿ ಮೂರು ಬದಲಿಸಿ ಒಂದನ್ನು ಬಿಡುವುದರಲ್ಲಿ ಅರ್ಥವಿಲ್ಲ. ಆ ಚಕ್ರದ ನಾಲ್ಕನ್ನೂ, ನಟ್ಟುಗಳ ಸಮೇತ, ಬದಲಿಸಿಬಿಡಿ. ಮಿಕ್ಕ ಮೂರು ಚಕ್ರಗಳ ಸ್ಟಡ್‌ಗಳನ್ನು ಪರೀಕ್ಷಿಸಿದರೆ ಸಾಕು. ವೈರ್ ಬ್ರಷ್‌ನಿಂದ ಥ್ರೆಡ್ ಉಜ್ಜಿ, ಚೆನ್ನಾಗಿರುವ ಒಂದು ನಟ್ಟನ್ನು ಬೆರಳಿನಿಂದ ಕೊನೆಯವರೆಗೂ ತಿರುಗಿಸಿ. ಆರಂಭದಲ್ಲಿ ಸಲೀಸಾಗಿ ಹೋಗಿ ಮಧ್ಯದಲ್ಲಿ, ನಟ್ಟು ಸಾಮಾನ್ಯವಾಗಿ ಕೂರುವ ಜಾಗದಲ್ಲಿ, ಬಿಗಿಯಾಗಿ ನಿಂತರೆ ಆ ಸ್ಟಡ್ ಎಳೆದುಕೊಂಡಿದೆ, ಥ್ರೆಡ್ಡಿನ ಅಂತರವೇ ಬದಲಾಗಿದೆ ಎಂದರ್ಥ. ಅಂಥದ್ದಕ್ಕೆ ಡೈ (ಥ್ರೆಡ್ ಕೊರೆಯುವ ಉಪಕರಣ) ಹಾಕಿ ಥ್ರೆಡ್ ಸರಿಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಡೈ ಮೇಲ್ಮೈಯ ತುಕ್ಕು ತೆಗೆಯಬಹುದು, ಹಿಗ್ಗಿಹೋದ ಉಕ್ಕನ್ನು ಮೊದಲಿನಂತೆ ಮಾಡಲಾರದು.

ಬದಲಿಸುವ ಕೆಲಸ ಮುಂಬದಿಯಲ್ಲಿ ಹೀಗೆ ಸಾಗುತ್ತದೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕಿನಿಂದ ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಕಾರಿನೊಂದಿಗೆ ಬರುವ ಜ್ಯಾಕನ್ನು ನಂಬಿ ಸುತ್ತಿಗೆ ಕೆಲಸ ಮಾಡುವುದು ಆತ್ಮಹತ್ಯೆಗೆ ಸಮಾನ. ಚಕ್ರ ತೆಗೆದ ನಂತರ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರನ್ನು ಅದರ ಬ್ರಾಕೆಟ್ ಸಮೇತ ಬಿಚ್ಚಿ, ಹೋಸಿನ ಮೇಲೆ ಭಾರ ಬೀಳದಂತೆ ಸ್ಪ್ರಿಂಗಿಗೆ ತಂತಿಯಿಂದ ನೇತುಹಾಕಬೇಕು. ಡಿಸ್ಕ್ ಹೊರಬಂದ ಮೇಲೆ ಹಬ್ಬಿನ ಮುಖ ತೆರೆದುಕೊಳ್ಳುತ್ತದೆ. ಹಬ್ಬನ್ನು ನಿಧಾನವಾಗಿ ತಿರುಗಿಸುತ್ತ, ಹಿಂದೆ ಸ್ಟಡ್‌ನ ತಲೆ ಹೊರಬರಲು ಜಾಗವಿರುವ ಸ್ಥಾನ ಹುಡುಕಬೇಕು. ಅಂಥ ಜಾಗ ಸಿಕ್ಕರೆ, ಮುರಿದ ತುದಿಗೆ ದಪ್ಪ ಪಂಚ್ ಇಟ್ಟು ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಸ್ಟಡ್ ಹಿಂದಕ್ಕೆ ಜಾರುತ್ತದೆ. ಹೊಡೆತ ಚಿಕ್ಕದಾಗಿ, ನೇರವಾಗಿರಲಿ. ಪ್ರತಿಯೊಂದು ಪೆಟ್ಟೂ ಬೇರಿಂಗಿಗೂ ತಾಗುತ್ತದೆ ಎಂಬುದು ನೆನಪಿರಲಿ. ಸಿ ಕ್ಲಾಂಪಿನಂಥ ಒತ್ತಿ ತೆಗೆಯುವ ಉಪಕರಣವಿರುವ ಗ್ಯಾರೇಜು ಸಿಕ್ಕರೆ ಸುತ್ತಿಗೆಯೇ ಬೇಡ. ಹಿಂದೆ ಜಾಗವೇ ಇಲ್ಲದ ವಿನ್ಯಾಸದ ಕಾರುಗಳಲ್ಲಿ ಮಾತ್ರ ಹಬ್ಬನ್ನು ಬಿಚ್ಚಿ ಪ್ರೆಸ್ಸಿನಲ್ಲಿ ಮಾಡಬೇಕಾಗುತ್ತದೆ, ಆಗ ಬೇರಿಂಗ್ ಕೂಡ ಹೊಸದು ಹಾಕಬೇಕಾಗಿ ಬರಬಹುದು. ಹಬ್ ಬದಲಿಸಬೇಕು ಎಂದ ಮೆಕ್ಯಾನಿಕ್ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳಿರಲೂಬಹುದು. ಡಿಸ್ಕ್ ತೆಗೆದು ಹಿಂದಿನ ಜಾಗ ನೋಡಿದ್ದೀರಾ ಎಂದು ಅವರನ್ನೇ ಕೇಳಿ.

ಹೊಸ ಸ್ಟಡ್ಡನ್ನು ಹಿಂದಿನಿಂದ ತೂರಿಸಿ, ಹಳೆಯದರ ಗೀರುಗಳು ಹಬ್ಬಿನಲ್ಲಿ ಬಿಟ್ಟ ಗುರುತಿಗೆ ಹೊಸ ಗೀರುಗಳನ್ನು ಹೊಂದಿಸಿ, ಮುಂದಿನಿಂದ ಮೂರು ನಾಲ್ಕು ದಪ್ಪ ವಾಷರ್‌ಗಳನ್ನು ಹಾಕಬೇಕು. ವಾಷರ್‌ಗಳ ನಡುವೆ ಗ್ರೀಸ್ ಇರಲಿ. ಸ್ಟಡ್‌ನ ಥ್ರೆಡ್ಡಿಗೆ ತಾಗದಿರಲಿ. ಮೇಲೆ ಒಂದು ಹಳೆಯ ನಟ್ಟನ್ನು, ಅದರ ಚಪ್ಪಟೆ ಮುಖ ವಾಷರ್ ಕಡೆಗೆ ಬರುವಂತೆ ತಿರುಗಿಸಿ ಹಾಕಿ, ಕೈಪಾನದಿಂದ ನಿಧಾನವಾಗಿ ಬಿಗಿಯುತ್ತ ಹೋದರೆ ಸ್ಟಡ್ ಹಬ್ಬಿನೊಳಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಭಾರ, ಆಮೇಲೆ ಒಂದೇ ಸಮ, ಕೊನೆಗೆ ತಟ್ಟನೆ ಗಟ್ಟಿಯಾಗುವುದು ಕೈಗೆ ತಿಳಿಯುತ್ತದೆ. ಅಲ್ಲಿ ನಿಲ್ಲಿಸಿ ಹಿಂದೆ ಇಣುಕಿ ನೋಡಿದರೆ ಸ್ಟಡ್‌ನ ತಲೆ ಹಬ್ಬಿಗೆ ಸುತ್ತಲೂ ಅಂಟಿ ಕೂತಿರಬೇಕು, ಉಗುರು ತೂರಿಸುವಷ್ಟೂ ಸಂದು ಇರಬಾರದು. ಸಂದು ಉಳಿದರೆ ಅದು ರಸ್ತೆಯಲ್ಲಿ ಮುಚ್ಚಿಕೊಳ್ಳುತ್ತದೆ, ಆಗ ನಟ್ಟಿನ ಬಿಗಿ ಮಾಯವಾಗುತ್ತದೆ. ಈ ಕೆಲಸಕ್ಕೆ ಬಳಸಿದ ನಟ್ಟು ಮತ್ತೆ ಚಕ್ರಕ್ಕೆ ಹಾಕಲು ಯೋಗ್ಯವಲ್ಲ. ಇದನ್ನು ಗನ್ನಿನಿಂದ ಎಳೆಯುವವರೂ ಇದ್ದಾರೆ. ಹೊಸ ಸ್ಟಡ್ ಕೂರುವ ಮೊದಲೇ ಹಳತಾಗುವ ದಾರಿ ಅದು. ಹಿಂಬದಿಯಲ್ಲಿ ಡ್ರಮ್ ಇರುವ ಕಾರುಗಳಲ್ಲಿ ಕೆಲವಕ್ಕೆ ಡ್ರಮ್ಮೂ ಹಬ್ಬೂ ಒಂದೇ ತುಂಡು. ಅದನ್ನು ಬಿಚ್ಚಲು ನಡುವಿನ ದೊಡ್ಡ ನಟ್ಟು ತೆಗೆಯಬೇಕು, ಮತ್ತು ಅಂಚು ಬಡಿದು ಲಾಕ್ ಮಾಡುವ ಆ ನಟ್ಟನ್ನು ಪ್ರತಿ ಸಲವೂ ಹೊಸದು ಹಾಕಬೇಕು.

ನಟ್ಟುಗಳ ವಿಷಯದಲ್ಲಿ ನಿಮ್ಮ ಅಲಾಯ್ ಚಕ್ರಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನಟ್ಟು ಚಕ್ರಕ್ಕೆ ತಾಗುವ ಮುಖಕ್ಕೆ ಮೂರು ಆಕಾರಗಳಿವೆ: 60 ಡಿಗ್ರಿಯ ಶಂಕುವಿನಾಕಾರ, ಗೋಲಿಯಂತೆ ದುಂಡಗಿನದು, ಮತ್ತು ವಾಷರ್ ಇರುವ ಚಪ್ಪಟೆಯದು. ಹೊಂಡಾದ ಮೂಲ ಚಕ್ರಗಳಿಗೆ ದುಂಡಗಿನದು ಬೇಕು, ಮಾರುಕಟ್ಟೆಯ ಅಲಾಯ್‌ಗಳಲ್ಲಿ ಬಹುಪಾಲಿಗೆ ಶಂಕುವಿನದು. ದುಂಡಗಿನ ಗುಳಿಯಲ್ಲಿ ಶಂಕುವಿನ ನಟ್ಟು ಹಾಕಿದರೆ ಇಡೀ ಮುಖ ತಾಗುವ ಬದಲು ಕೂದಲೆಳೆಯಷ್ಟು ಅಗಲದ ಒಂದು ವೃತ್ತ ಮಾತ್ರ ತಾಗುತ್ತದೆ. ರೆಂಚ್ ಕ್ಲಿಕ್ ಎನ್ನುತ್ತದೆ, ಮೆತ್ತನೆಯ ಅಲ್ಯೂಮಿನಿಯಂ ಮರುದಿನದಿಂದ ಒತ್ತಿಕೊಳ್ಳುತ್ತ ನಟ್ಟು ಸಡಿಲವಾಗುತ್ತದೆ. ಒಂದು ನಟ್ಟನ್ನು ಬಿಚ್ಚಿ ಅದರ ಕೂರುವ ಮುಖವನ್ನೂ ಚಕ್ರದ ಗುಳಿಯನ್ನೂ ನೋಡಿ: ಉಜ್ಜಿದ ಹೊಳಪು ಮುಖದ ಪೂರ್ತಿ ಅಗಲಕ್ಕೆ ಹರಡಿದ್ದರೆ ಹೊಂದಿದೆ, ಸಣ್ಣ ಉಂಗುರದಂತೆ ಒಂದೇ ಗೆರೆಯಲ್ಲಿದ್ದರೆ ಹೊಂದಿಲ್ಲ. ಗುಳಿ ಅಂಡಾಕಾರವಾಗಿದ್ದರೆ ಆ ಚಕ್ರದ ಆಯುಸ್ಸು ಮುಗಿದಿದೆ.

ಎರಡನೆಯದು ಹಿಡಿತದ ಉದ್ದ. ಮಾರುಕಟ್ಟೆಯ ಅಲಾಯ್‌ನ ಮಧ್ಯಭಾಗ ಉಕ್ಕಿನ ಚಕ್ರಕ್ಕಿಂತ ಬಹಳ ದಪ್ಪವಿರುವುದರಿಂದ ಸ್ಟಡ್ ಅಷ್ಟು ಹೊರಗೆ ಚಾಚುವುದಿಲ್ಲ. ಸ್ಟಡ್‌ನ ದಪ್ಪ ಎಷ್ಟೋ ಕನಿಷ್ಠ ಅಷ್ಟು ಉದ್ದ ನಟ್ಟು ಅದರೊಳಗೆ ಹೋಗಿರಬೇಕು, ನಿಮ್ಮ 1.25 ಪಿಚ್ಚಿನ ಸ್ಟಡ್‌ನಲ್ಲಿ ಅದು ಸುಮಾರು ಹತ್ತು ಪೂರ್ತಿ ಸುತ್ತು, 1.5 ಪಿಚ್ಚಿನಲ್ಲಿ ಎಂಟು. ನಟ್ಟು ಬಿಚ್ಚುವಾಗ ಒಮ್ಮೆ ಎಣಿಸಿ ನೋಡಿ. ಚಕ್ರ ಹೊರಚಾಚಲೆಂದು ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಎಂಬ ಲೋಹದ ಬಿಲ್ಲೆ ಹಾಕಿಸಿದ್ದರೆ ಎಣಿಕೆ ಇನ್ನೂ ಕಡಿಮೆ ಬರುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಆ ಸ್ಪೇಸರ್ ಇರಬೇಕಾದ ಜಾಗ ಗುಜರಿ. ತುದಿ ಮುಚ್ಚಿದ ನಟ್ಟುಗಳಲ್ಲಿ ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಸ್ಟಡ್ ಉದ್ದವಿದ್ದು ನಟ್ಟು ಗಿಡ್ಡವಿದ್ದರೆ ಸ್ಟಡ್‌ನ ತುದಿ ಟೋಪಿಗೆ ತಾಗಿ ನಿಲ್ಲುತ್ತದೆ, ನಟ್ಟು ಬಿಗಿಯಾದಂತೆ ತೋರುತ್ತದೆ, ಚಕ್ರ ಮಾತ್ರ ಬಿಗಿಯಾಗಿರುವುದಿಲ್ಲ. ಹೊಳೆಯುವ ತಗಡಿನ ಟೋಪಿ ಹೊದಿಸಿದ ನಟ್ಟುಗಳು ಕರಾವಳಿಗೆ ಹೇಳಿಮಾಡಿಸಿದವಲ್ಲ. ತಗಡಿನ ಕೆಳಗೆ ನೀರು ಸೇರಿ ತುಕ್ಕು ಉಬ್ಬಿ, 19ರ ಪಾನ ಕೂರದಂತಾಗಿ, ಒಂದು ಮಳೆಯ ರಾತ್ರಿ ರಸ್ತೆ ಬದಿಯಲ್ಲಿ ನಿಮ್ಮನ್ನು ನಿಲ್ಲಿಸುತ್ತವೆ. ಇಡಿಯಾಗಿ ಒಂದೇ ಉಕ್ಕಿನಿಂದ ಮಾಡಿದವನ್ನು ಕೇಳಿ ಕೊಳ್ಳಿ.

ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರಿನವರಿಗೆ ಸ್ಟಡ್‌ನ ಗೊಡವೆಯಿಲ್ಲ, ಅಲ್ಲಿ ಬೋಲ್ಟೇ ನೇರವಾಗಿ ಹಬ್ಬಿನೊಳಕ್ಕೆ ಹೋಗುತ್ತದೆ. ಥ್ರೆಡ್ ಕೆಟ್ಟರೆ ಹಬ್ಬೇ ಕೆಟ್ಟಂತೆ ಎಂಬುದು ಅದರ ಬೆಲೆ. ಇನ್ನು ಮಲೆನಾಡಿನಲ್ಲಿ ಈಗಲೂ ಓಡುವ ವಿಲ್ಲಿಸ್ ಕಾಲದ ವಿನ್ಯಾಸದ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳಿಗೆ ಎಡಗೈ ಥ್ರೆಡ್ ಇರುವುದುಂಟು. ಎಡ ಚಕ್ರ ಮುಂದಕ್ಕೆ ಸುತ್ತುವಾಗ ಸಾಮಾನ್ಯ ನಟ್ಟು ಸಡಿಲವಾಗುವ ದಿಕ್ಕಿಗೆ ಸರಿಯುವ ಒಲವು ತೋರುತ್ತದೆ ಎಂಬ ಕಾರಣಕ್ಕೆ ಹಾಗೆ ಮಾಡಿದ್ದರು. ಗೊತ್ತಿಲ್ಲದವರು ಅದನ್ನು ಬಿಚ್ಚುತ್ತೇವೆಂದುಕೊಂಡು ಬಿಗಿಯುತ್ತಲೇ ಹೋಗಿ ಸ್ಟಡ್ ಮುರಿಯುತ್ತಾರೆ.

ಚಕ್ರ ಕೂರಿಸುವಾಗ ಹಬ್ಬಿನ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆದು ಬಟ್ಟೆಯಿಂದ ಒರೆಸಿ. ಅಲ್ಲಿ ಉಳಿದ ತುಕ್ಕಿನ ಪದರ ಅಥವಾ ದಪ್ಪ ಪೇಂಟು ಓಡಾಟದಲ್ಲಿ ಪುಡಿಯಾಗಿ ಉದುರಿದರೆ, ಅದರ ದಪ್ಪದಷ್ಟು ಬಿಗಿ ಕಡಿಮೆಯಾಗುತ್ತದೆ. ಚಕ್ರ ಗಾಳಿಯಲ್ಲಿರುವಾಗಲೇ ನಾಲ್ಕೂ ನಟ್ಟುಗಳನ್ನು ಬೆರಳಿನಿಂದ ಕೂರಿಸಿ, ಪಾನದಿಂದ ಹಗುರವಾಗಿ, ಎದುರುಬದುರಾಗಿ ಬಿಗಿದು, ಚಕ್ರ ನೆಲಕ್ಕೆ ತಾಗಿ ಸುತ್ತದಂತಾದ ಮೇಲೆ ಟಾರ್ಕ್ ರೆಂಚ್‌ನಿಂದ ಎರಡು ಹಂತಗಳಲ್ಲಿ ಪೂರ್ಣ ಅಂಕಿಗೆ ತನ್ನಿ: ಮೊದಲು ಅರ್ಧ, ಆಮೇಲೆ ಪೂರ್ತಿ. ನಿಮ್ಮ ಕಾಲದ ಸ್ವಿಫ್ಟ್‌ಗೆ 85 ನ್ಯೂಟನ್ ಮೀಟರ್. ಬೇರೆ ಕಾರಿನವರಿಗಾಗಿ ಹೇಳುವುದಾದರೆ, ಟೊಯೋಟಾದ ಅನೇಕ ಕಾರುಗಳಿಗೆ 103, ಹೊಂಡಾ ಸಿಟಿಗೆ 108, ಹ್ಯುಂಡೈನ ಇತ್ತೀಚಿನ ಕಾರುಗಳಿಗೆ 107ರಿಂದ 127, ಫೋಕ್ಸ್‌ವ್ಯಾಗನ್ ಪೋಲೋಗೆ 120. ಆದರೂ ನಿಮ್ಮ ಕೈಪಿಡಿಯಲ್ಲಿ ಅಚ್ಚಾಗಿರುವುದೇ ಕೊನೆಯ ಮಾತು. ರೆಂಚ್ ಒಮ್ಮೆ ಕ್ಲಿಕ್ ಎಂದರೆ ಸಾಕು. ಖಚಿತಕ್ಕೆಂದು ಇನ್ನೆರಡು ಸಲ ಕ್ಲಿಕ್ ಮಾಡಿಸುವವರು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹೆಚ್ಚೇ ಬಿಗಿಯುತ್ತಿರುತ್ತಾರೆ. ಕೆಲಸ ಮುಗಿದ ಮೇಲೆ ರೆಂಚನ್ನು ಅದರ ಅತಿ ಕಡಿಮೆ ಅಂಕಿಗೆ ಇಳಿಸಿ ಇಡಿ, ನಟ್ಟು ಬಿಚ್ಚಲು ಅದನ್ನು ಬಳಸಬೇಡಿ.

ಹೊಸ ಸ್ಟಡ್ ಹಾಕಿದ ಚಕ್ರವನ್ನು, ಅಲಾಯ್ ಆದರಂತೂ ತಪ್ಪದೆ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ತಣ್ಣಗಿರುವಾಗ ಅದೇ ಅಂಕಿಗೆ ಮತ್ತೆ ಪರೀಕ್ಷಿಸಬೇಕು. ಸ್ವಲ್ಪ ತಿರುಗಿದರೆ ಚಿಂತೆಯಿಲ್ಲ, ಮೇಲ್ಮೈಗಳು ಹೊಂದಿಕೊಂಡಿವೆ. ಎರಡನೇ ಪರೀಕ್ಷೆಯಲ್ಲೂ ತಿರುಗಿದರೆ ಸ್ಟಡ್ ಎಳೆಯುತ್ತಿದೆ ಅಥವಾ ಮುಖಗಳು ಹೊಂದಿಲ್ಲ, ಚಕ್ರ ಬಿಚ್ಚಿ ನೋಡಬೇಕು. ಆಮೇಲೆ ಪ್ರತಿ ಸಲ ಚಕ್ರ ಬಿಚ್ಚಿದಾಗಲೂ, ಉದ್ದ ಪ್ರಯಾಣಕ್ಕೆ ಮೊದಲೂ ನೋಡಿಕೊಂಡರೆ ಸಾಕು. ಲಾರಿ ಬಸ್ಸುಗಳ ನಟ್ಟುಗಳ ಮೇಲೆ ಕಾಣುವ ಹಳದಿ ಪ್ಲಾಸ್ಟಿಕ್ ಬಾಣಗಳನ್ನೋ ಬಣ್ಣದ ಗೆರೆಯನ್ನೋ ಹಾಕಿಕೊಳ್ಳುವುದು ಒಳ್ಳೆಯದೇ, ಆದರೆ ಅವು ನಟ್ಟು ತಿರುಗಿತೋ ಎಂದಷ್ಟೇ ಹೇಳುತ್ತವೆ. ತಿರುಗದೆಯೇ ಬಿಗಿ ಕಳೆದುಕೊಂಡ ಸ್ಟಡ್ ಅವಕ್ಕೆ ತಿಳಿಯದು. ಅದನ್ನು ಹೇಳುವ ಬೇರೆ ಲಕ್ಷಣಗಳಿವೆ: ನಟ್ಟಿನ ಬುಡದಿಂದ ಹೊರಮುಖವಾಗಿ ಹರಿದ ಕೆಂಪು ತುಕ್ಕಿನ ಗೆರೆ, ಅಲಾಯ್ ಆದರೆ ನಟ್ಟಿನ ಸುತ್ತ ಕಪ್ಪು ಪುಡಿ, ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಚಕ್ರದ ಕಡೆಯಿಂದ ಲೆಕ್ಕ ಹಾಕಿದಂತೆ ಕೇಳುವ ಟಕ್ ಟಕ್ ಸದ್ದು, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ಸ್ಟಿಯರಿಂಗ್ ನಡುಕ. ಸದ್ದೋ ನಡುಕವೋ ಓಡಿಸುವಾಗ ಶುರುವಾದರೆ ಮುಂದಿನ ಊರಿನವರೆಗೆ ಕಾಯಬೇಡಿ, ಸುರಕ್ಷಿತ ಜಾಗ ಕಂಡ ಕೂಡಲೇ ನಿಲ್ಲಿಸಿ ನಾಲ್ಕೂ ಚಕ್ರಗಳ ನಟ್ಟುಗಳಿಗೆ ಪಾನ ಹಾಕಿ ನೋಡಿ.

ಕಡೆಯದಾಗಿ ನಿಮ್ಮ ಸ್ಟೆಪ್ನಿ. ಅದು ಕಂಪನಿಯ ಉಕ್ಕಿನ ಚಕ್ರವೇ ಆಗಿದ್ದರೆ, ಅಲಾಯ್‌ಗೆಂದು ಕೊಟ್ಟ ಉದ್ದನೆಯ ನಟ್ಟುಗಳು ಅದರ ಮೇಲೆ ಸರಿಯಾಗಿ ಕೂರುತ್ತವೆಯೇ, ತುದಿ ಮುಚ್ಚಿದ್ದರೆ ಸ್ಟಡ್ ಒಳಗೆ ತಾಗುತ್ತದೆಯೇ ಎಂದು ಮನೆಯಂಗಳದಲ್ಲೇ ಒಮ್ಮೆ ಹಾಕಿ ಪರೀಕ್ಷಿಸಿ. ಕೂರದಿದ್ದರೆ ಕಂಪನಿಯ ನಾಲ್ಕು ಹಳೆಯ ನಟ್ಟುಗಳನ್ನು ಒಂದು ಚೀಲದಲ್ಲಿ ಕಟ್ಟಿ ಜ್ಯಾಕಿನ ಪಕ್ಕದಲ್ಲಿಡಿ. ಅಲಾಯ್‌ಗಳಿಗೆ ಕಳ್ಳರ ಭಯದಿಂದ ಲಾಕ್ ನಟ್ಟು ಹಾಕಿಸಿದ್ದರೆ ಅದರ ಕೀಲಿಯೂ ಅದೇ ಚೀಲದಲ್ಲಿರಲಿ, ಮತ್ತು ಪಂಕ್ಚರ್ ಅಂಗಡಿಯವರು ಆ ಕೀಲಿಗೆ ಗನ್ ಸಿಕ್ಕಿಸದಂತೆ ನೋಡಿಕೊಳ್ಳಿ. ಅದರ ಸಣ್ಣ ಹಲ್ಲುಗಳು ಗನ್ನಿನ ಹೊಡೆತಕ್ಕೆ ಮಾಡಿದವಲ್ಲ.